ಲ್ಯಾಬ್ ಬದಲಾದ ಸುದ್ದಿ ಎಲ್ಲಿರಬೇಕು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪದವಿ ಕಾಲೇಜುಗಳಲ್ಲಿ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡುವವರ ನಡುವೆ ನಡೆಯಬೇಕಾದ ಮಾತುಕತೆ ಇದು. ಮಾತಾಡುವವರು ಇಬ್ಬರು. ಕಂಪ್ಯೂಟರ್ ವಿಜ್ಞಾನ ವಿಭಾಗ ನೋಡಿಕೊಳ್ಳುವ ಹಿರಿಯರೊಬ್ಬರು, ಅದೇ ವಿಭಾಗದಲ್ಲಿ ವೆಬ್ ಲ್ಯಾಬ್ ತೆಗೆದುಕೊಳ್ಳುವ ಅತಿಥಿ ಉಪನ್ಯಾಸಕಿಯೊಬ್ಬರು. ಮೊದಲ ಮಾತು ಹಿರಿಯರದು.

— ಮೇಡಂ, ನೀವು ಕೇಳುತ್ತಿರುವುದು ಅಗತ್ಯಕ್ಕಿಂತ ಹೆಚ್ಚಾಯಿತು ಅನಿಸುತ್ತದೆ. ಸೆಮಿಸ್ಟರ್ ಶುರುವಾದ ವಾರವೇ ತರಗತಿಗೊಂದು ವಾಟ್ಸ್‌ಆಪ್ ಗ್ರೂಪ್ ಮಾಡುತ್ತೇವೆ. ಲ್ಯಾಬ್ ಬ್ಯಾಚು, ಇಂಟರ್ನಲ್ಸ್ ದಿನಾಂಕ, ರೆಕಾರ್ಡ್ ಒಪ್ಪಿಸುವ ಕೊನೆಯ ದಿನ ಎಲ್ಲವನ್ನೂ ಅಲ್ಲೇ ಹಾಕುತ್ತೇವೆ. ಪ್ರವೇಶ, ಹಾಲ್ ಟಿಕೆಟ್, ಫಲಿತಾಂಶಕ್ಕೆ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಇದೆ. ನೋಟಿಸ್ ಬೋರ್ಡ್ ಇದ್ದೇ ಇದೆ. ಇಷ್ಟೆಲ್ಲ ಇದ್ದ ಮೇಲೂ ಒಂದು ಕೋರ್ಸಿಗೆ ಪ್ರತ್ಯೇಕ ವೆಬ್ ಪುಟ, ಅದನ್ನು ದಿನದಿನವೂ ಸರಿಯಾಗಿಡುವ ಕೆಲಸ, ಆ ಕೆಲಸಕ್ಕೊಬ್ಬರು ಹೊಣೆ. ಇದು ಬೇಕೇ?

— ಗ್ರೂಪ್ ಬೇಡ ಎನ್ನುತ್ತಿಲ್ಲ ಸರ್. ಸುದ್ದಿ ಮುಟ್ಟಿಸುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಸುದ್ದಿ ಉಳಿಸಿಕೊಳ್ಳುವ ಕೆಲಸ ಅದರಿಂದ ಆಗುವುದಿಲ್ಲ. ಸೋಮವಾರ ‘ಬಿ ಬ್ಯಾಚಿನ ಲ್ಯಾಬ್ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ’ ಎಂದು ಹಾಕುತ್ತೇವೆ. ಬುಧವಾರ ಮಧ್ಯಾಹ್ನ ಇನ್ನೊಂದು ವಿಭಾಗದ ಪರೀಕ್ಷೆಗೆ ಲ್ಯಾಬ್ ಬಿಟ್ಟುಕೊಡಬೇಕಾಗಿ ನಮ್ಮದು ಶುಕ್ರವಾರಕ್ಕೆ ಹೋಗುತ್ತದೆ. ಎರಡೂ ಮೆಸೇಜು ಗ್ರೂಪಿನಲ್ಲಿವೆ. ನಡುವೆ ಹುಟ್ಟುಹಬ್ಬದ ಶುಭಾಶಯ, ಸ್ಕಾಲರ್‌ಶಿಪ್ ಫಾರ್ವರ್ಡು, ಸಾಲುಸಾಲು ‘ಓಕೆ ಮ್ಯಾಮ್’. ಸೋಮವಾರದ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವನ ಫೋನಿನಲ್ಲಿ ಬುಧವಾರದ ಬದಲಾವಣೆ ಇಲ್ಲ. ಅವನು ಸಾಸಲು ಹೋಬಳಿಯಿಂದ ದೊಡ್ಡಬಳ್ಳಾಪುರಕ್ಕೋ, ನಂದಗುಡಿಯಿಂದ ಹೊಸಕೋಟೆಗೋ, ತ್ಯಾಮಗೊಂಡ್ಲಿನಿಂದ ನೆಲಮಂಗಲಕ್ಕೋ ಬೆಳಗಿನ ಬಸ್ಸು ಹಿಡಿದು ಬರುತ್ತಾನೆ, ಬೇರೆಯವರ ಪರೀಕ್ಷೆ ನಡೆಯುತ್ತಿರುವ ಲ್ಯಾಬ್ ನೋಡಿ ವಾಪಸ್ ಹೋಗುತ್ತಾನೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ, ನಿಜ. ಬಸ್ಸಿಗೆ ಕಾಯುವ ಹೊತ್ತು ಯಾರಿಗೂ ತಪ್ಪಿಲ್ಲ. ಸಂಜೆ ಗೋದಾಮಿನಲ್ಲೋ ಗಾರ್ಮೆಂಟ್ಸ್‌ನಲ್ಲೋ ಶಿಫ್ಟ್ ಮಾಡಿ ಓದುವವರಿಗೆ ಒಂದು ಬೆಳಗ್ಗೆ ಹಾಳಾದರೆ ಅದು ಒಂದು ದಿನದ ಕೂಲಿಯ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೇಳುತ್ತಿರುವುದು ಇಷ್ಟೇ: ಈ ಹೊತ್ತಿಗೆ ಜಾರಿಯಲ್ಲಿರುವುದು ಯಾವುದು ಎಂಬ ಪ್ರಶ್ನೆಗೆ ಒಂದೇ ಜಾಗದಲ್ಲಿ ಉತ್ತರ ಸಿಗಬೇಕು, ಅದು ಯಾವತ್ತು ಬದಲಾಯಿತು, ಮೊದಲು ಏನಿತ್ತು ಎಂಬುದೂ ಅಲ್ಲೇ ಕಾಣಬೇಕು.

— ಅದು ಆಡಳಿತದ ಮಾತು. ವೆಬ್ ಪ್ರೋಗ್ರಾಮಿಂಗ್ ಪಾಠಕ್ಕೂ ಅದಕ್ಕೂ ಏನು ಸಂಬಂಧ? ಲೆಕ್ಕಶಾಸ್ತ್ರ ಕಲಿಸುವವರು ಕಾಲೇಜಿನ ಕ್ಯಾಶ್ ಪುಸ್ತಕ ಬರೆಯಬೇಕು ಎಂದ ಹಾಗಾಯಿತು.

— ಸಂಬಂಧ ವೆಬ್ ಹುಟ್ಟಿದ ಕಾರಣದಲ್ಲೇ ಇದೆ ಸರ್. 1989ರ ಮಾರ್ಚಿನಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ತಮ್ಮ ಮೇಲಧಿಕಾರಿಗೆ ಕೊಟ್ಟ ಪ್ರಸ್ತಾವದ ಹೆಸರೇ ಮಾಹಿತಿ ನಿರ್ವಹಣೆಯ ಕುರಿತದ್ದು. ಅದರಲ್ಲಿ ಅವರು ಎತ್ತಿದ ಸಮಸ್ಯೆ ನಮ್ಮ ವಿಭಾಗದ ಸಮಸ್ಯೆಯೇ. ಅಲ್ಲಿ ಕೆಲಸ ಮಾಡುವ ಬಹಳಷ್ಟು ಜನ ಸುಮಾರು ಎರಡು ವರ್ಷ ಇದ್ದು ಹೊರಟುಹೋಗುತ್ತಿದ್ದರು. ಯಾವ ಯಂತ್ರ ಯಾಕೆ ಹಾಗೆ ಜೋಡಿಸಿದೆ, ಯಾವ ಪ್ರೋಗ್ರಾಂ ಯಾರದು ಎಂಬ ತಿಳಿವಳಿಕೆ ಅವರ ಜೊತೆಗೇ ಹೋಗುತ್ತಿತ್ತು. ಬರೆದಿಟ್ಟದ್ದು ಇದ್ದರೂ ಸಿಗುತ್ತಿರಲಿಲ್ಲ. ಸಿಕ್ಕರೂ ಅದು ಹಳೆಯದೋ ಹೊಸದೋ ತಿಳಿಯುತ್ತಿರಲಿಲ್ಲ. ಈ ಸೋರಿಕೆ ನಿಲ್ಲಿಸುವುದಕ್ಕೆ ಹುಟ್ಟಿದ್ದು ಇವತ್ತು ನಾವು ಪಠ್ಯವಾಗಿ ಕಲಿಸುತ್ತಿರುವ ವಿಷಯ. ಸರ್ನ್‌ನ ಜನ ಅದನ್ನು ದಿನನಿತ್ಯ ಬಳಸತೊಡಗಿದ್ದು ಯಾವುದೋ ಭೌತಶಾಸ್ತ್ರದ ಲೆಕ್ಕಕ್ಕಾಗಿ ಅಲ್ಲ. ಅಲ್ಲಿನ ಟೆಲಿಫೋನ್ ಡೈರೆಕ್ಟರಿ ವೆಬ್ ಮೇಲೆ ಬಂದಾಗ ಅದು ಎಲ್ಲರ ಕೈಗೆ ಹತ್ತಿತು. ಯಾರ ನಂಬರು ಏನು ಎಂಬಷ್ಟು ಸಾಮಾನ್ಯ ಉಪಯೋಗ! ನಮ್ಮ ವಿದ್ಯಾರ್ಥಿಗಳು ಆರು ತಿಂಗಳು ಟ್ಯಾಗು, ಫಾರ್ಮು, ಡೇಟಾಬೇಸು ಕಲಿಯುತ್ತಾರೆ. ತಮ್ಮದೇ ಲ್ಯಾಬಿನ ವೇಳಾಪಟ್ಟಿ ಬದಲಾದದ್ದು ಮಾತ್ರ ಅವರಿಗೆ ಬಾಯಿಂದ ಬಾಯಿಗೆ ತಿಳಿಯುತ್ತದೆ. ಕಲಿಸುವ ವಿಷಯದ ಮೊದಲ ಉಪಯೋಗವನ್ನೇ ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿದಂತಾಯಿತಲ್ಲ.

— ಸರ್ನ್ ದೊಡ್ಡ ಸಂಸ್ಥೆ, ಅವರಿಗೆ ಜನ ಇದ್ದರು. ನಮ್ಮಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಪಾಲು ನಡೆಯುವುದೇ ಅತಿಥಿ ಉಪನ್ಯಾಸಕರಿಂದ. ಬೇಸರ ಮಾಡಿಕೊಳ್ಳಬೇಡಿ, ಈ ವರ್ಷ ನೀವಿದ್ದೀರಿ, ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ನಿಮಗೆ ಯಾವ ಕಾಲೇಜು ಬರುತ್ತದೋ ಗೊತ್ತಿಲ್ಲ. ನೀವು ಹೋದ ಮೇಲೆ ಆ ಪುಟ ದಿಕ್ಕಿಲ್ಲದೆ ನಿಲ್ಲುತ್ತದೆ. ಹಳೆಯ ದಿನಾಂಕ ಹೊತ್ತು ನಿಂತ ಪುಟ, ಪುಟವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹುಡುಗರು ಅದನ್ನು ನಂಬಿಬಿಡುತ್ತಾರೆ.

— ಬೇಸರವೇನಿಲ್ಲ, ನೀವು ಹೇಳಿದ್ದು ನಮ್ಮ ನಿಜಸ್ಥಿತಿ. ಆದರೆ ಅದೇ ಸ್ಥಿತಿ ನನ್ನ ವಾದಕ್ಕೆ ಬಲ ಕೊಡುತ್ತದೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಬೇಕೆಂದು ಅತಿಥಿ ಉಪನ್ಯಾಸಕರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದ್ದು ನೆನಪಿರಬೇಕು. ಆ ಬೇಡಿಕೆ ನ್ಯಾಯವಾದದ್ದು, ಅದರ ಚರ್ಚೆ ಬೇರೆ. ಇಲ್ಲಿಗೆ ಬೇಕಾದ ಸಂಗತಿ ಇಷ್ಟು: ಯಾವ ಘಟಕ ಎಲ್ಲಿಗೆ ನಿಂತಿದೆ, ಯಾವ ಬ್ಯಾಚಿಗೆ ಎಷ್ಟು ಪ್ರೋಗ್ರಾಂ ಆಗಿವೆ ಎಂಬ ಲೆಕ್ಕ ಕಲಿಸುವವರ ಡೈರಿಯಲ್ಲೂ ಫೋನಿನಲ್ಲೂ ಮಾತ್ರ ಇದ್ದರೆ, ಅವರು ಬಾರದ ದಿನ ಕೋರ್ಸು ಪೂರ್ತಿ ಕುರುಡಾಗುತ್ತದೆ. ಇನ್ನು ಪಠ್ಯಕ್ರಮಗಳ ಸ್ಥಿತಿ ನೋಡಿ. ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ 2021-22ರಲ್ಲಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ತಿರುಗಿತು, ಹೊಸ ಪಠ್ಯಕ್ರಮ ಬಂತು. ಹಾಗಾಗಿ ಆ ವರ್ಷ ಒಂದೇ ಕಟ್ಟಡದಲ್ಲಿ ಮೊದಲ ವರ್ಷದವರಿಗೆ ಒಂದು ಸ್ಕೀಮು, ಎರಡು ಮತ್ತು ಮೂರನೇ ವರ್ಷದವರಿಗೆ ಇನ್ನೊಂದು, ಹಳೆಯ ಸಿಬಿಸಿಎಸ್ ಸ್ಕೀಮಿನಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ಮೂರನೆಯದು. ಹಳೆಯ ಬಿಸಿಎಯಲ್ಲಿ ‘ವೆಬ್ ಪ್ರೋಗ್ರಾಮಿಂಗ್’ ಎಂಬ ಪತ್ರಿಕೆ, ಆಮೇಲಿನದರಲ್ಲಿ ‘ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್’ ಎಂಬ ಪತ್ರಿಕೆ. ಹೆಸರು ಬೇರೆ, ಪ್ರೋಗ್ರಾಂ ಪಟ್ಟಿ ಬೇರೆ, ಇರುವ ಲ್ಯಾಬ್ ಒಂದು. ದೇವನಹಳ್ಳಿ, ಹೊಸಕೋಟೆ ಕಡೆಯ ಕಾಲೇಜುಗಳಿಗೆ 2017ರಲ್ಲಿ ವಿಶ್ವವಿದ್ಯಾಲಯವೇ ಬದಲಾಯಿತು. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಗಿ ಇಲ್ಲಿಯವರು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪಾಲಾದರು. ಇಷ್ಟು ಸಲ ಬದಲಾಗುವ ವ್ಯವಸ್ಥೆಯಲ್ಲಿ ‘ಎಲ್ಲರಿಗೂ ಗೊತ್ತಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಪುಟ ದಿಕ್ಕಿಲ್ಲದೆ ನಿಲ್ಲುವ ಭಯಕ್ಕೆ ಪರಿಹಾರ ಸುಲಭ: ಅದು ನನ್ನ ಹೆಸರಿನಲ್ಲಿರಬಾರದು, ವಿಭಾಗದ ಹೆಸರಿನಲ್ಲಿರಬೇಕು. ಮೇಲೆ ‘ಕೊನೆಯ ಬಾರಿ ತಿದ್ದಿದ್ದು’ ಎಂದು ದಿನಾಂಕ ದಪ್ಪಕ್ಷರದಲ್ಲಿರಬೇಕು. ಅದು ಮೂರು ವಾರ ಹಳೆಯದಾಗಿದ್ದರೆ ಓದುವವರೇ ಹುಷಾರಾಗುತ್ತಾರೆ. ವಾಟ್ಸ್‌ಆಪ್‌ನಲ್ಲಿ ತೇಲಿಬಂದ ನೋಟಿಸಿನ ಫೋಟೋಗೆ ಆ ಎಚ್ಚರಿಕೆ ಕೊಡುವ ಶಕ್ತಿ ಇಲ್ಲ. ಎಷ್ಟೋ ಸಲ ಅದರಲ್ಲಿ ದಿನಾಂಕವೇ ಕತ್ತರಿಸಿಹೋಗಿರುತ್ತದೆ.

— ಸರಿ, ವೇಳಾಪಟ್ಟಿಯ ಮಟ್ಟಿಗೆ ಒಪ್ಪುತ್ತೇನೆ ಅಂದುಕೊಳ್ಳಿ. ಆದರೆ ನೀವು ಅಲ್ಲಿಗೆ ನಿಲ್ಲಿಸುತ್ತಿಲ್ಲ. ಲ್ಯಾಬ್ ಮ್ಯಾನ್ಯುಯಲ್‌ನ ಪ್ರೋಗ್ರಾಂಗಳ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು ಎನ್ನುತ್ತೀರಿ. ಪಠ್ಯ ನಿಗದಿ ಮಾಡುವುದು ಅಧ್ಯಯನ ಮಂಡಳಿ. ಕಾಲೇಜಿನವರು ಕೂತು ಅದನ್ನು ತಿದ್ದುವುದಕ್ಕೆ ಅಧಿಕಾರ ಯಾರು ಕೊಟ್ಟರು?

— ಪಠ್ಯ ತಿದ್ದುವ ಮಾತಲ್ಲ ಸರ್, ಪಠ್ಯದಲ್ಲಿರುವುದು ಇವತ್ತಿನ ಯಂತ್ರದಲ್ಲಿ ಓಡುತ್ತದೋ ಇಲ್ಲವೋ ಎಂದು ಹೇಳುವ ಮಾತು. ಹಳೆಯ ಮ್ಯಾನ್ಯುಯಲ್‌ಗಳಲ್ಲಿ ಪಿಎಚ್‌ಪಿಯಿಂದ ಡೇಟಾಬೇಸಿಗೆ ಸೇರುವುದಕ್ಕೆ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಎಂಬ ಫಂಕ್ಷನ್ ಬರೆದಿರುತ್ತಾರೆ. ಪಿಎಚ್‌ಪಿಯವರು ಅದನ್ನು ಬಿಡಿ ಎಂದು 2013ರಲ್ಲೇ ಎಚ್ಚರಿಸಿದರು. 2015ರ ಡಿಸೆಂಬರಿನಲ್ಲಿ ಬಂದ ಏಳನೇ ಆವೃತ್ತಿಯಲ್ಲಿ ತೆಗೆದೇ ಹಾಕಿದರು. ಇವತ್ತು ಹುಡುಗಿಯೊಬ್ಬಳು ಎಕ್ಸಾಂಪ್ ಹಾಕಿಕೊಂಡು, ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿ ಫೈಲ್ ಉಳಿಸಿ, ಮ್ಯಾನ್ಯುಯಲ್‌ನಲ್ಲಿ ಇದ್ದದ್ದನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿ ಬ್ರೌಸರಿನಲ್ಲಿ ತೆರೆದರೆ, ಇಂಥ ಫಂಕ್ಷನ್ನೇ ಇಲ್ಲ ಎಂಬ ಎರರ್ ಬರುತ್ತದೆ. ಅವಳು ಮೊದಲು ಅನುಮಾನಿಸುವುದು ತನ್ನನ್ನು. ಸೆಮಿಕೋಲನ್ ಬಿಟ್ಟೆನೇ, ಸ್ಪೆಲಿಂಗ್ ತಪ್ಪಿತೇ ಎಂದು ಅರ್ಧ ಗಂಟೆ ಹುಡುಕುತ್ತಾಳೆ. ಪಕ್ಕದವಳಿಗೂ ಅದೇ ಎರರ್. ಕೊನೆಗೆ ಯಾರೋ ಒಬ್ಬರು ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಸಾಫ್ಟ್‌ವೇರ್ ಉಳಿದಿರುವುದನ್ನು ಕಂಡುಹಿಡಿದು, ಎಲ್ಲರೂ ಅದರ ಮುಂದೆ ಸರದಿ ನಿಲ್ಲುತ್ತಾರೆ. ಈ ತೊಂದರೆ ಪರಿಹರಿಸುವುದಕ್ಕೆ ಒಂದು ಸಾಲು ಸಾಕಿತ್ತು: ‘ಈ ಫಂಕ್ಷನ್ ಪಿಎಚ್‌ಪಿ 7ರಿಂದ ಇಲ್ಲ, ಮೈಎಸ್‌ಕ್ಯೂಎಲ್‌ಐ ಅಥವಾ ಪಿಡಿಒ ಬಳಸಿ.’ ಇಷ್ಟು ವರ್ಷ ಆ ಸಾಲನ್ನು ಎಲ್ಲರೂ ಬಾಯಲ್ಲಿ ಹೇಳುತ್ತಿದ್ದಾರೆ, ಎಲ್ಲೂ ಬರೆದಿಟ್ಟಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಿವೆ. ಅದರ 2010ರ ಸ್ಕೀಮಿನ ವೆಬ್ ಲ್ಯಾಬಿನಲ್ಲಿ ಎಕ್ಸ್‌ಎಚ್‌ಟಿಎಂಎಲ್ ಪುಟಗಳು, ಪರ್ಲ್ ಭಾಷೆಯಲ್ಲಿ ಸಿಜಿಐ ಪ್ರೋಗ್ರಾಂಗಳು, ಆಮೇಲೆ ಪಿಎಚ್‌ಪಿ ಇದ್ದವು. ಎಕ್ಸ್‌ಎಚ್‌ಟಿಎಂಎಲ್‌ನ ಎರಡನೇ ಆವೃತ್ತಿಯ ಕೆಲಸವನ್ನು ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ 2009ರಲ್ಲೇ ನಿಲ್ಲಿಸುವುದಾಗಿ ಹೇಳಿತ್ತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಅಧಿಕೃತ ಶಿಫಾರಸಾಯಿತು. 2015ರಲ್ಲಿ ಪರ್ಲ್ ತನ್ನ ಜೊತೆ ಕೊಡುತ್ತಿದ್ದ ಸಿಜಿಐ ಮಾಡ್ಯೂಲನ್ನೇ ಕೈಬಿಟ್ಟಿತು. ಆದರೆ 2014ರಲ್ಲಿ ಸೇರಿದವರು ಈ ಲ್ಯಾಬ್ ಇದ್ದ ಏಳನೇ ಸೆಮಿಸ್ಟರಿಗೆ ಬಂದದ್ದು 2017ರಲ್ಲಿ. ಅವರಿಗೆ ಲ್ಯಾಬಿನಲ್ಲಿ ಸಿಕ್ಕಿದ್ದು ಹಳೆಯ ಪಟ್ಟಿಯೇ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸ್ಕೀಮು ಬದಲಾಗುವುದಕ್ಕೆ ಕೆಲವು ವರ್ಷ ಹಿಡಿಯುತ್ತದೆ, ಸೇರಿದ ಬ್ಯಾಚು ಮುಗಿಯುವುದಕ್ಕೆ ಇನ್ನಷ್ಟು. ವಿಶ್ವವಿದ್ಯಾಲಯದ ಗಡಿಯಾರ ಹಾಗೇ ನಡೆಯಬೇಕು, ಏಕೆಂದರೆ ಸಾವಿರಾರು ಜನರ ಪರೀಕ್ಷೆ ಅದರ ಮೇಲೆ ನಿಂತಿದೆ. ಜಾವಾಸ್ಕ್ರಿಪ್ಟ್ ಮಾತ್ರ 2015ರಿಂದ ಪ್ರತಿ ವರ್ಷವೂ ಹೊಸ ಆವೃತ್ತಿ ಕಾಣುತ್ತಿದೆ. ಈ ಎರಡು ವೇಗಗಳ ನಡುವಿನ ಅಂತರವನ್ನು ಯಾರಾದರೂ ಬರೆದು ತುಂಬಬೇಕು. ಅದನ್ನು ಮಾಡಬಹುದಾದವರು ಪ್ರತಿ ವಾರ ಲ್ಯಾಬಿನಲ್ಲಿ ನಿಲ್ಲುವ ನಾವು.

— ಪರೀಕ್ಷೆಯ ಮಾತು ನೀವೇ ಎತ್ತಿದಿರಿ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತುತ್ತಾರೆ, ಬಂದ ಪ್ರೋಗ್ರಾಂ ಬರೆಯುತ್ತಾರೆ, ಎಕ್ಸ್‌ಟರ್ನಲ್ ಬಂದವರು ಮ್ಯಾನ್ಯುಯಲ್ ಪ್ರಕಾರ ಅಂಕ ಹಾಕುತ್ತಾರೆ. ನಿಮ್ಮ ಪುಟ ನೋಡಿ ಬೇರೆ ರೀತಿ ಬರೆದ ಹುಡುಗಿಗೆ ಅಂಕ ಕಡಿಮೆಯಾದರೆ ನೀವು ಹೊಣೆ ಹೊರುತ್ತೀರಾ? ಪಾಸಾಗಬೇಕಾದವರ ತಲೆಯಲ್ಲಿ ಎರಡೆರಡು ಉತ್ತರ ತುಂಬುವುದು ದಯೆಯ ಕೆಲಸ ಅಲ್ಲ.

— ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಅರ್ಧ ಇದೆ. ಎರಡು ಉತ್ತರ ಬಂದು ಗೊಂದಲ ಆಗುವುದು ಅವು ಬೇರೆಬೇರೆ ಕಡೆಯಿಂದ, ಯಾವುದು ಯಾವುದರ ಬದಲಿಗೆ ಎಂದು ತಿಳಿಯದೆ ಬಂದಾಗ. ಈಗ ಆಗುತ್ತಿರುವುದು ಅದೇ: ಒಂದು ಮ್ಯಾನ್ಯುಯಲ್‌ನಿಂದ, ಇನ್ನೊಂದು ಯೂಟ್ಯೂಬಿನಿಂದ, ಮತ್ತೊಂದು ಚಾಟ್‌ಜಿಪಿಟಿಯಿಂದ. ಅದಂತೂ ಹಳೆಯ ರೀತಿ ಹೊಸ ರೀತಿ ಎರಡನ್ನೂ ಬೆರೆಸಿ ಕೊಟ್ಟರೂ ಕೊಟ್ಟಿತು. ನಾನು ಹೇಳುವ ಪುಟದಲ್ಲಿ ಪ್ರೋಗ್ರಾಂ ಸಂಖ್ಯೆ ಮ್ಯಾನ್ಯುಯಲ್‌ನದೇ ಇರುತ್ತದೆ. ಅದರ ಕೆಳಗೆ ‘ಮ್ಯಾನ್ಯುಯಲ್‌ನಲ್ಲಿ ಹೀಗಿದೆ, ಈಗ ಹೀಗೆ ಬರೆಯಬೇಕು, ಕಾರಣ ಇದು’ ಎಂದು ಮೂರು ಸಾಲು. ಪರೀಕ್ಷೆಗೆ ಬರುವ ಪರೀಕ್ಷಕರೂ ಇಂಥ ಕಾಲೇಜುಗಳಿಂದಲೇ ಬರುವವರು. ಅವರ ಲ್ಯಾಬಿನಲ್ಲೂ ಅದೇ ಎರರ್ ಬರುತ್ತಿದೆ. ವಿಳಾಸ ತೋರಿಸಿದರೆ ಮಾತು ಮುಗಿಯುತ್ತದೆ. ಇನ್ನು, ಎಲ್ಲವನ್ನೂ ಬದಲಿಸಬೇಕು ಎಂದೂ ನಾನು ಹೇಳುವುದಿಲ್ಲ. ವಿಟಿಯುವಿನ 2015ರ ಪಟ್ಟಿಯಲ್ಲಿ ಒಂದು ಪ್ರೋಗ್ರಾಂ ಇದೆ: 100 ಮಿಲಿಸೆಕೆಂಡಿಗೊಮ್ಮೆ ಕೆಂಪು ಅಕ್ಷರಗಳು ದೊಡ್ಡದಾಗುತ್ತಾ 50 ಪಾಯಿಂಟ್ ಮುಟ್ಟಬೇಕು, ಆಮೇಲೆ ನೀಲಿಯಾಗಿ 5 ಪಾಯಿಂಟಿಗೆ ಕುಗ್ಗಬೇಕು. ಅದು ಇವತ್ತಿಗೂ ಹಾಗೇ ಓಡುತ್ತದೆ, ಅದರಲ್ಲಿ ಕಲಿಯುವುದೂ ಇದೆ. ಅದರ ಕೆಳಗೆ ‘ಬದಲಾವಣೆ ಇಲ್ಲ, ಪರೀಕ್ಷಿಸಿದ ದಿನಾಂಕ ಇಂಥದ್ದು’ ಎಂದು ಬರೆದರೆ ಅದೂ ಒಂದು ಅಪ್‌ಡೇಟೇ.

ಕೆಲವು ಕಡೆ ಮಾತ್ರ ಹಳೆಯದನ್ನು ಹಾಗೇ ಬಿಡುವುದು ತಪ್ಪು. ಹೆಸರು, ವಿಳಾಸ, ಇಮೇಲ್ ಫಾರ್ಮಿನಲ್ಲಿ ತೆಗೆದುಕೊಂಡು ಡೇಟಾಬೇಸಿನಲ್ಲಿ ಉಳಿಸುವ ಪ್ರೋಗ್ರಾಂ ಬಹಳಷ್ಟು ಸ್ಕೀಮುಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ. ಹಳೆಯ ಮಾದರಿಯಲ್ಲಿ ಬಳಕೆದಾರ ಬರೆದ ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯದ ನಡುವೆ ಅಂಟಿಸುತ್ತಾರೆ. ‘ರಮ್ಯಾ’ ಎಂದು ಕೊಟ್ಟರೆ ಸರಿಯಾಗಿ ಉಳಿಯುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ‘ಡಿಸೋಜಾ’ ಎಂದು ಕೊಟ್ಟು ನೋಡಿ: ಡಿ ಅಕ್ಷರದ ಮುಂದಿನ ಅಪಾಸ್ಟ್ರಫಿ ಬಂದಲ್ಲಿಗೆ ಡೇಟಾಬೇಸು ಹೆಸರು ಮುಗಿಯಿತು ಎಂದುಕೊಳ್ಳುತ್ತದೆ, ಉಳಿದದ್ದು ಅದಕ್ಕೆ ಅರ್ಥವಾಗದೆ ಎರರ್ ಕೊಡುತ್ತದೆ. ಇದೇ ಬಿರುಕಿನಲ್ಲಿ ದುರುದ್ದೇಶದವನು ತನ್ನ ಆಜ್ಞೆ ತುರುಕಬಹುದು. ನಾಳೆ ಈ ಹುಡುಗಿ ಯಾವುದೋ ಸೊಸೈಟಿಯ, ಆಸ್ಪತ್ರೆಯ ಫಾರ್ಮು ಬರೆಯುವ ಕೆಲಸಕ್ಕೆ ಹೋಗುತ್ತಾಳೆ; ಲ್ಯಾಬಿನಲ್ಲಿ ಕೈಗೆ ಹತ್ತಿದ ಅಭ್ಯಾಸವೇ ಅಲ್ಲಿಗೂ ಹೋಗುತ್ತದೆ. ಹೆಸರನ್ನು ಆಜ್ಞೆಯಿಂದ ಬೇರೆಯಾಗಿಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬರೆಯುವುದಕ್ಕೆ ಹೆಚ್ಚಾಗುವುದು ಎರಡೋ ಮೂರೋ ಸಾಲು. ಅಂಕದ ಭಯಕ್ಕೆ ಇದನ್ನು ಹೇಳದೆ ಬಿಡುವುದು ನನಗೆ ಸಾಧ್ಯವಿಲ್ಲ. ಕನ್ನಡದಲ್ಲಿ ಹೆಸರು ಕೊಟ್ಟರೆ ಇನ್ನೊಂದು ಪಾಠ ಇದೆ. ಮೈಎಸ್‌ಕ್ಯೂಎಲ್ 2018ರ 8.0 ಆವೃತ್ತಿಯವರೆಗೂ ಟೇಬಲಿಗೆ ಅಕ್ಷರಗಳ ಕೋಡ್ ಇಂಥದ್ದೆಂದು ಹೇಳದಿದ್ದರೆ ತಾನೇ ಲ್ಯಾಟಿನ್-1 ಹಿಡಿಯುತ್ತಿತ್ತು. ಅಂಥ ಟೇಬಲಿಗೆ ‘ರಮ್ಯಾ’ ಎಂದು ಹಾಕಿ ವಾಪಸ್ ತೆಗೆದರೆ ಎಷ್ಟೋ ಸಲ ಬರುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡ ಯೂನಿಕೋಡಿನಲ್ಲಿ ಇರುವುದು 1991ರಿಂದ. ತಪ್ಪು ಭಾಷೆಯದಲ್ಲ, ನಾವು ಬರೆಯದೆ ಬಿಟ್ಟ ಒಂದು ಸಾಲಿನದು.

— ಇದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ನನ್ನ ಅನುಭವ ಹೇಳುವ ಒಂದು ಭಯ ಇದೆ. ಬದಲಾಯಿಸುವುದು ಸುಲಭವಾದಷ್ಟೂ ಬದಲಾವಣೆ ಹೆಚ್ಚುತ್ತದೆ. ನೋಟಿಸು ಟೈಪಾಗಿ, ಪ್ರಾಂಶುಪಾಲರ ಸಹಿಯಾಗಿ ಬೋರ್ಡಿಗೆ ಹತ್ತಬೇಕಿದ್ದಾಗ ಯಾರೂ ಸುಮ್ಮಸುಮ್ಮನೆ ದಿನಾಂಕ ಸರಿಸುತ್ತಿರಲಿಲ್ಲ. ವಾಟ್ಸ್‌ಆಪ್ ಬಂದ ಮೇಲೆ ರಾತ್ರಿ ಹತ್ತು ಗಂಟೆಗೆ ‘ನಾಳೆ ಕ್ಲಾಸ್ ಇಲ್ಲ’ ಎಂದು ಹಾಕುವವರಾದರು. ಪುಟ ಬಂದರೆ ಹನ್ನೆರಡು ಗಂಟೆಗೆ ತಿದ್ದಿ ‘ಪುಟ ನೋಡಬೇಕಿತ್ತು’ ಎಂದು ಹುಡುಗರ ಮೇಲೇ ತಪ್ಪು ಹೊರಿಸುತ್ತಾರೆ.

— ನೀವು ಎತ್ತಿದ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಸದ್ದಿಲ್ಲದೆ ತಿದ್ದುವುದಕ್ಕೆ ಪುಟ ಅವಕಾಶ ಕೊಟ್ಟರೆ ನೀವು ಹೇಳಿದ್ದೇ ಆಗುತ್ತದೆ. ಹಾಗಾಗಿ ನಿಯಮ ಮೊದಲು, ಪುಟ ಆಮೇಲೆ. ಹಳೆಯ ಸಾಲನ್ನು ಅಳಿಸುವಂತಿಲ್ಲ, ಹೊಡೆದುಹಾಕಬೇಕು; ಹೊಸದನ್ನು ಪಕ್ಕದಲ್ಲಿ ದಿನಾಂಕ ಸಮೇತ ಬರೆಯಬೇಕು. ಇದಕ್ಕೆಂದೇ ಎಚ್‌ಟಿಎಂಎಲ್‌ನಲ್ಲಿ ಎರಡು ಟ್ಯಾಗುಗಳಿವೆ, 1997ರ ನಾಲ್ಕನೇ ಆವೃತ್ತಿಯಿಂದಲೂ: ತೆಗೆದದ್ದಕ್ಕೆ ‘ಡೆಲ್’, ಸೇರಿಸಿದ್ದಕ್ಕೆ ‘ಇನ್ಸ್’. ಎರಡಕ್ಕೂ ಯಾವಾಗ ಬದಲಾಯಿತು ಎಂಬ ದಿನ ಮತ್ತು ಹೊತ್ತನ್ನು ಒಳಗೇ ಬರೆಯುವ ಅವಕಾಶ ಇದೆ. ಬ್ರೌಸರಿನಲ್ಲಿ ‘ಗುರುವಾರ, ಬೆಳಿಗ್ಗೆ 9’ ಎಂಬುದರ ಮೇಲೆ ಗೆರೆ ಬಿದ್ದು, ಪಕ್ಕದಲ್ಲಿ ‘ಶುಕ್ರವಾರ, ಮಧ್ಯಾಹ್ನ 2’ ಎಂದು ಅಡಿಗೆರೆಯೊಂದಿಗೆ ಕಾಣುತ್ತದೆ. ಎಷ್ಟೋ ಪಠ್ಯಪುಸ್ತಕಗಳು ಈ ಟ್ಯಾಗುಗಳನ್ನು ಪಟ್ಟಿಯಲ್ಲಿ ಹೆಸರಿಸಿ ಮುಂದೆ ಹೋಗುತ್ತವೆ, ಯಾಕೆ ಬೇಕು ಎಂದು ಹೇಳುವುದಿಲ್ಲ. ವೆಬ್ಬಿನ ಮಾನದಂಡ ಬರೆಯುವವರು ತಾವೂ ಇದೇ ಶಿಸ್ತು ಪಾಲಿಸುತ್ತಾರೆ. ಡಬ್ಲ್ಯೂ3ಸಿಯ ದಾಖಲೆ ತೆರೆದರೆ ತಲೆಯಲ್ಲೇ ಈ ಆವೃತ್ತಿ, ಇತ್ತೀಚಿನ ಆವೃತ್ತಿ, ಹಿಂದಿನ ಆವೃತ್ತಿ ಎಂದು ವಿಳಾಸಗಳು ಇರುತ್ತವೆ. ಈಗ ಎಚ್‌ಟಿಎಂಎಲ್ ಮಾನದಂಡವನ್ನು ನಿರಂತರ ತಿದ್ದುತ್ತಾ ಕಾಪಾಡುವ ವಾಟ್‌ಡಬ್ಲ್ಯೂಜಿ ಕೂಡ ಕೊನೆಯ ಬಾರಿ ತಿದ್ದಿದ ದಿನಾಂಕವನ್ನು ಮೇಲೆಯೇ ಹಾಕುತ್ತದೆ.

ಬದಲಾವಣೆ ಹೀಗೆ ಬಯಲಲ್ಲಿ ಕಾಣತೊಡಗಿದರೆ ಬದಲಾಯಿಸುವವರ ಕೈ ತಾನಾಗಿ ಬಿಗಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಸೆಮಿಸ್ಟರ್ ಮುಗಿದಾಗ ಯಾವ ದಿನಾಂಕ ಎಷ್ಟು ಸಲ ಸರಿಯಿತು ಎಂದು ಎಲ್ಲರೂ ಎಣಿಸಬಹುದು. ವಾಟ್ಸ್‌ಆಪ್‌ನಲ್ಲಿ ಆ ಲೆಕ್ಕ ತೆಗೆಯುವುದು ಯಾರಿಗೂ ಆಗದ ಕೆಲಸ, ಅದಕ್ಕೇ ಅಲ್ಲಿ ಸಂಕೋಚವೂ ಇಲ್ಲ. ಜೊತೆಗೆ ಒಂದು ಕಟ್ಟು ಇರಲಿ: ಲ್ಯಾಬಿನ ಹಿಂದಿನ ದಿನ ಸಂಜೆ ಐದರ ಮೇಲೆ ಆದ ಬದಲಾವಣೆಯಿಂದ ಯಾರಾದರೂ ಗೈರಾದರೆ ಅವರ ಹಾಜರಾತಿ ಕತ್ತರಿಸುವಂತಿಲ್ಲ. ಆ ಮಾತೂ ಪುಟದ ಮೇಲ್ಭಾಗದಲ್ಲೇ ಇರಲಿ.

— ಹಾಜರಾತಿ ಮಾತು ಪ್ರಾಂಶುಪಾಲರವರೆಗೆ ಹೋಗುತ್ತದೆ, ಆದರೂ ಹೇಳಿ ನೋಡೋಣ. ಡೇಟಾ ಖರ್ಚು, ಭಾಷೆ, ಖಾಸಗಿ ವಿವರ, ಈ ಮೂರರ ಬಗ್ಗೆ ಏನು ಹೇಳುತ್ತೀರಿ?

— ಡೇಟಾ ಖರ್ಚು ಕಡಿಮೆಯೇ ಆಗುತ್ತದೆ. ಕನ್ನಡದ ಒಂದು ಅಕ್ಷರಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್. ಸಾವಿರ ಚಿಹ್ನೆಗಳ ನೋಟಿಸು ಮೂರು ಕಿಲೋಬೈಟ್. ಅದೇ ನೋಟಿಸನ್ನು ಫೋಟೋ ಹೊಡೆದು ಕಳಿಸಿದರೆ ಅದರ ಹತ್ತಾರು ಪಟ್ಟು. ಭಾಷೆ ಕನ್ನಡವೇ ಇರಬೇಕು, ಪತ್ರಿಕೆಯ ಹೆಸರು, ಕೋಡಿನ ಪದಗಳು ಇದ್ದ ಹಾಗೆ ಇರಲಿ. ಪುಟದ ತಲೆಯಲ್ಲಿ ಭಾಷೆ ಕನ್ನಡ ಎಂದು ಸೂಚಿಸಿದರೆ ಕಣ್ಣು ಕಾಣದ ವಿದ್ಯಾರ್ಥಿಯ ಫೋನು ಅದನ್ನು ಕನ್ನಡವಾಗಿಯೇ ಓದಿ ಹೇಳುವುದಕ್ಕೆ ಅನುಕೂಲ. ಫೋಟೋ ನೋಟಿಸಿನಲ್ಲಿ ಆ ಅನುಕೂಲ ಇಲ್ಲ. ಖಾಸಗಿ ವಿವರದಲ್ಲಿ ನಾನು ಹಟಮಾರಿ. ಹೆಸರು, ರಿಜಿಸ್ಟರ್ ನಂಬರು, ಅಂಕ, ಫೋನ್ ನಂಬರು ಯಾವುದೂ ಆ ಪುಟಕ್ಕೆ ಹೋಗಬಾರದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ ಎಂಬುದು ಒಂದು ಕಾರಣ. ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದದ್ದು ಊರಿಗೆಲ್ಲ ಕಾಣಬೇಕಾಗಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬ್ಯಾಚು, ದಿನಾಂಕ, ಪ್ರೋಗ್ರಾಂ, ತಿದ್ದುಪಡಿ, ಇಷ್ಟೇ.

— ಕೊನೆಗೆ ಕೆಲಸದ ಮಾತು. ಇದನ್ನು ಮಾಡುವವರು ಯಾರು? ಗಂಟೆ ಲೆಕ್ಕದ ಮೇಲೆ ದುಡಿಯುವ ನಿಮ್ಮ ಮೇಲೆ ಇನ್ನೊಂದು ಹೊರೆ ಹಾಕುವುದಕ್ಕೆ ನನಗೆ ಮನಸ್ಸಿಲ್ಲ.

— ವಿದ್ಯಾರ್ಥಿಗಳು ಮಾಡುತ್ತಾರೆ, ಅಂಕಕ್ಕಾಗಿ. ಲ್ಯಾಬಿನ ಆಂತರಿಕ ಅಂಕಗಳಲ್ಲಿ ಒಂದಿಷ್ಟನ್ನು ರೆಕಾರ್ಡಿಗೆ ಕೊಡುತ್ತೇವೆ. ಆ ರೆಕಾರ್ಡಿನ ಬಹುಪಾಲು ಹಿಂದಿನ ವರ್ಷದವರ ರೆಕಾರ್ಡಿನ ನಕಲು ಎಂಬುದು ನಮಗಿಬ್ಬರಿಗೂ ಗೊತ್ತು. ಅದರಲ್ಲಿ ಒಂದು ಪಾಲನ್ನು ಈ ಪುಟದ ಸರದಿಗೆ ಇಡೋಣ. ವಾರಕ್ಕೆ ಇಬ್ಬರು: ಒಬ್ಬರು ತಿದ್ದುವವರು, ಇನ್ನೊಬ್ಬರು ತಿದ್ದಿದ್ದು ಸರಿಯೇ ಎಂದು ನೋಡುವವರು. ದಿನಾಂಕ ನಿರ್ಧರಿಸುವುದು ನಾವು, ಬರೆಯುವುದು ಅವರು. ಸ್ಥಿರ ಪುಟಕ್ಕೆ ಗಿಟ್‌ಹಬ್ ಪೇಜಸ್ ಉಚಿತವಾಗಿ ಜಾಗ ಕೊಡುತ್ತದೆ; ಯಾರು ಯಾವತ್ತು ಏನು ಬದಲಾಯಿಸಿದರು ಎಂಬ ಇತಿಹಾಸವನ್ನೂ ಇಟ್ಟುಕೊಳ್ಳುತ್ತದೆ. ಖಾತೆಯ ಪಾಸ್‌ವರ್ಡ್ ಮಾತ್ರ ವಿಭಾಗದ ಕಪಾಟಿನಲ್ಲಿರಬೇಕು, ನನ್ನ ಫೋನಿನಲ್ಲಲ್ಲ. ಹೀಗೆ ಮಾಡಿದರೆ ಹುಡುಗರಿಗೆ ಸಿಗುವುದು ಪಠ್ಯದಲ್ಲಿ ಇಲ್ಲದ ಒಂದು ಅಭ್ಯಾಸ: ಬೇರೆಯವರು ನಂಬಿ ಬಸ್ಸು ಹತ್ತುವ ಮಾಹಿತಿಯನ್ನು ಬರೆಯುವ ಅಭ್ಯಾಸ. ಕ್ಯಾಲ್ಕುಲೇಟರ್ ಪ್ರೋಗ್ರಾಂ ತಪ್ಪಾದರೆ ಯಾರಿಗೂ ಏನೂ ಆಗುವುದಿಲ್ಲ. ಇಲ್ಲಿ ಶುಕ್ರವಾರದ ಬದಲು ಗುರುವಾರ ಎಂದು ಬಿದ್ದರೆ ಸ್ನೇಹಿತರೇ ಬಂದು ಕೇಳುತ್ತಾರೆ.

— ಯಾವ ತರಗತಿಯಿಂದ ಶುರುಮಾಡೋಣ ಎನ್ನುತ್ತೀರಿ? ಆರನೇ ಸೆಮಿಸ್ಟರಿನವರೇ?

— ಬರೆಯುವವರು ಅವರೇ ಆಗಲಿ. ಆದರೆ ಮೊದಲು ಬರೆಯಬೇಕಾದದ್ದು ಬ್ಯಾಕ್‌ಲಾಗ್ ಉಳಿಸಿಕೊಂಡವರಿಗಾಗಿ. ಅವರು ಯಾವ ಗ್ರೂಪಿನಲ್ಲೂ ಇಲ್ಲ. ಅವರ ತರಗತಿಯ ಗ್ರೂಪ್ ಕೋರ್ಸು ಮುಗಿದ ದಿನವೇ ಸುಮ್ಮನಾಗಿದೆ, ಈಗಿನವರ ಗ್ರೂಪಿಗೆ ಸೇರಿಸಿ ಎಂದು ಕೇಳುವುದಕ್ಕೆ ಅವರಿಗೆ ಸಂಕೋಚ. ಬಾಶೆಟ್ಟಿಹಳ್ಳಿ ಕಡೆ ಯಾವುದೋ ಕಾರ್ಖಾನೆಗೆ ಸೇರಿರುತ್ತಾರೆ, ವಿಮಾನ ನಿಲ್ದಾಣದ ಹತ್ತಿರ ಶಿಫ್ಟಿನಲ್ಲಿರುತ್ತಾರೆ. ಹಳೆಯ ಸ್ಕೀಮಿನ ಲ್ಯಾಬ್ ಪರೀಕ್ಷೆ ಯಾವತ್ತು, ಯಾವ ಪಟ್ಟಿಯ ಪ್ರೋಗ್ರಾಂಗಳು, ಈಗಿನ ಲ್ಯಾಬಿನಲ್ಲಿ ಅವು ಓಡುತ್ತವೆಯೇ, ಅಭ್ಯಾಸಕ್ಕೆ ಒಂದು ದಿನ ಬರಬಹುದೇ ಎಂದು ತಿಳಿಯಲು ಅವರು ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಆ ನಾಲ್ಕು ಪ್ರಶ್ನೆಗಳ ಉತ್ತರವೇ ನಮ್ಮ ಪುಟದ ಮೊದಲ ನಾಲ್ಕು ಸಾಲು ಆಗಲಿ ಸರ್. ಹಳೆಯ ಸ್ಕೀಮಿನ ಪ್ರೋಗ್ರಾಂ ಪಟ್ಟಿ ನಿಮ್ಮ ಕಪಾಟಿನಲ್ಲಿದೆಯಲ್ಲ, ಅದನ್ನು ಕೊಡಿ. ಈ ವಾರದ ಲ್ಯಾಬಿನಲ್ಲಿ ಅವನ್ನು ಒಂದೊಂದಾಗಿ ಓಡಿಸಿ ನೋಡಿ, ಓಡದವುಗಳ ಮುಂದೆ ಕಾರಣ ಬರೆಸುತ್ತೇನೆ.